ಓಬಳಮ್ಮನ ಗಂಟಲ ತಪಾಸಣೆ

ಮಹಿಳಾ ದಿನಾಚರಣೆಯ ದಿನವೇ, ಬಂಗಾರಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಓಬಳಮ್ಮನ ಮೈ ತಡಕಿದರು. ಯಾರದೋ ಸರವೋ ಪರ್ಸೋ ಕಳೆದುಹೋಗಿತ್ತು ಅಂತಲ್ಲ. ಅವಳು ಹಾಡಿದ್ದು ಅವಳ ಗಂಟಲಿನಿಂದಲೇ ಬಂದದ್ದೆಂದು ನಂಬಲಾರದೆ, ಸೀರೆಯೊಳಗೆ ಎಲ್ಲೋ ಒಂದು ಯಂತ್ರವಿರಬೇಕೆಂದು ಹುಡುಕಿದರು.

ಓಬಳಮ್ಮನಿಗೆ ಆಗ ಐವತ್ತರ ಹತ್ತಿರ. ಚಾಂಪಿಯನ್ ರೀಫ್ಸಿನಲ್ಲಿ, ಚಿನ್ನದ ಗಣಿ ನಿಂತ ಮೇಲೂ ಜನ ಬಿಡದೆ ಉಳಿದುಕೊಂಡ ಸಾಲುಮನೆಗಳಲ್ಲಿ ಒಂದರಲ್ಲಿ ಗಂಡ ಕಾಂತರಾಜ್, ಮಗಳು ಭಾನುಪ್ರಿಯ ಮತ್ತು ಅವಳು ಇದ್ದರು. ಗಂಡ ಪೇಂಟಿಂಗ್ ಕೆಲಸಕ್ಕೆ ಹೋಗುತ್ತಿದ್ದ. ಮಗಳು ಬಟ್ಟೆ ಅಂಗಡಿಯೊಂದರಲ್ಲಿ ಸೀರೆ ಬಿಡಿಸಿ ತೋರಿಸುವ ಕೆಲಸದಲ್ಲಿದ್ದಳು. ಓಬಳಮ್ಮ ದಿನಾ ಬೆಳಗಿನ ರೈಲು ಹತ್ತಿ ಬಂಗಾರಪೇಟೆಗೆ ಬಂದು, ಅಲ್ಲಿನ ಮಂಡಿಯೊಂದರ ತಗಡಿನ ಮಾಡಿನ ಕೆಳಗೆ ಇಪ್ಪತ್ತು ಹೆಂಗಸರ ಜೊತೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದಳು.

ಅವಳ ತವರು ಕ್ಯಾಸಂಬಳ್ಳಿ ಕಡೆಯ ಒಂದು ಹಳ್ಳಿ. ಅಪ್ಪ ಬೈರಪ್ಪ ಕುರಿ ಕಾಯುತ್ತಿದ್ದವನು. ಮಗಳು ನಡೆಯಲು ಕಲಿತ ದಿನದಿಂದ ಅವಳನ್ನೂ ಕುರಿ ಹಿಂದೆ ಕರೆದುಕೊಂಡು ಹೋದ. ಹಾಗಾಗಿ ಅವಳು ಮಾತಿಗಿಂತ ಮೊದಲು ಕಲಿತದ್ದು ಕೂಗುಗಳನ್ನು. ಬೈರಪ್ಪನ ಹತ್ತಿರ ಒಂದೊಂದು ಕೆಲಸಕ್ಕೆ ಒಂದೊಂದು ದನಿ ಇತ್ತು. ಗುಡ್ಡದಾಚೆ ಚದುರಿದ ಕುರಿ ಕರೆಯಲು ಒಂದು. ಅದು ಎದೆಯಲ್ಲಿ ಹುಟ್ಟಿ, ನಡುವೆ ಪಟ್ಟನೆ ಮುರಿದು, ನೆತ್ತಿಯಲ್ಲಿ ಸಣ್ಣಗೆ ಹರಿಯುತ್ತಿತ್ತು. ಮರಿಗಳಿಗೆ ನಾಲಿಗೆಯ ತುದಿ ನಡುಗಿಸುವ ಗುರ್ರುಗುರ್ರು ದನಿ. ಕೆಲವು ಕುರಿಗಳು ಮೊದಲ ಸಲ ಈದಾಗ ಮರಿಯನ್ನು ಒದ್ದು ಹಾಲು ಕೊಡುವುದಿಲ್ಲ. ಅಂಥ ತಾಯಿಯ ಕಿವಿಯ ಹತ್ತಿರ ಬಾಯಿ ಮುಚ್ಚಿಕೊಂಡು ಗುನುಗುವ ದನಿ ಒಂದು. ಅದನ್ನು ಗಂಟೆಗಟ್ಟಲೆ ಗುನುಗುತ್ತಿದ್ದ. ಕೊನೆಗೆ ಕುರಿ ಒದೆಯದೆ ನಿಂತು ಹಾಲು ಕೊಡುತ್ತಿತ್ತು.

ಇವೆಲ್ಲಕ್ಕಿಂತ ಬೇರೆಯದಾದ ಇನ್ನೊಂದಿತ್ತು. ಬೈರಪ್ಪ ಅದನ್ನು ‘ಎರಡೆಳೆ’ ಎನ್ನುತ್ತಿದ್ದ. ಗಂಟಲಿನಲ್ಲಿ ಬೀಸುಕಲ್ಲು ತಿರುಗಿದ ಹಾಗೆ ಒಂದು ದಪ್ಪ ದನಿ ಹಿಡಿದು ನಿಲ್ಲುತ್ತಿದ್ದ. ಸ್ವಲ್ಪ ಹೊತ್ತಿಗೆ ಅದೇ ಬಾಯಿಂದ, ಅದೇ ಉಸಿರಿನಲ್ಲಿ, ಮೇಲೆ ಇನ್ನೊಂದು ದನಿ ಕೊಳಲಿನ ಹಾಗೆ ಏಳುತ್ತಿತ್ತು. ಕೆಳಗಿನದು ಅಲುಗಾಡದೆ ಇರುತ್ತಿತ್ತು, ಮೇಲಿನದು ಹತ್ತಿ ಇಳಿದು ಆಡುತ್ತಿತ್ತು. ಅವನಿಗೆ ಇದನ್ನು ಯಾರೂ ಕಲಿಸಿರಲಿಲ್ಲ. ಖಾಲಿ ಬಾನಿಯೊಳಗೆ ತಲೆ ಇಟ್ಟು ಕೂಗಾಡುತ್ತಿದ್ದ ಚಿಕ್ಕ ವಯಸ್ಸಿನಲ್ಲಿ ತಾನಾಗಿ ಬಂತಂತೆ. ಮಗಳಿಗೆ ಬರಲು ಆರು ವರ್ಷ ಹಿಡಿಯಿತು.

ಮಂಡಿಯಲ್ಲಿ ಓಬಳಮ್ಮನ ಪದಗಳಿಲ್ಲದೆ ಕೆಲಸ ಸಾಗುತ್ತಿರಲಿಲ್ಲ. ತೆಲುಗಿನ ಹೆಂಗಸರೂ ತಮಿಳಿನ ಹೆಂಗಸರೂ ಇದ್ದ ಜಾಗ ಅದು. ಪದದ ಮಾತು ಅರ್ಥವಾಗದಿದ್ದರೂ ದನಿ ಎಲ್ಲರಿಗೂ ಅರ್ಥವಾಗುತ್ತಿತ್ತು. ಹೀಗಿರುವಾಗ ಊರಿನ ಒಂದು ಸಾಂಸ್ಕೃತಿಕ ಸಂಘದವರು ಮಹಿಳಾ ದಿನಾಚರಣೆಗೆ ಹೆಂಗಸರ ಗಾಯನ ಸ್ಪರ್ಧೆ ಇಟ್ಟಿದ್ದಾರೆಂದು ಗೊತ್ತಾಗಿ, ಭಾನುಪ್ರಿಯ ಅವ್ವನಿಗೆ ಹೇಳದೆಯೇ ಹೆಸರು ಕೊಟ್ಟು ಬಂದಳು.

“ನಂಗ್ಯಾಕೇ ಅವೆಲ್ಲ? ಅಲ್ಲಿ ಆರ್ಮೋನಿಯಂ ಇಟ್ಕೊಂಡು ಆಡೋರು ಬತ್ತಾರೆ,” ಎಂದಳು ಓಬಳಮ್ಮ.

“ನೀನು ಹಾರ್ಮೋನಿಯಂ ಇಲ್ದೇನೇ ಹಾಡು. ಯಾವ ಪದ ಬೇಕಾದ್ರೂ ಹಾಡಬಹುದು ಅಂತ ಬರ್ದವ್ರೆ,” ಎಂದಳು ಮಗಳು.

ಸ್ಪರ್ಧೆಯ ದಿನ ಮಂಟಪ ತುಂಬಿತ್ತು. ತೀರ್ಪುಗಾರರಲ್ಲಿ ಮುಖ್ಯರು ಆದಿನಾರಾಯಣ ಎಂಬ ಸಂಗೀತದ ಮೇಷ್ಟ್ರು. ಸಂಘದ ಅಧ್ಯಕ್ಷರೂ ಅವರೇ. ನಲವತ್ತು ವರ್ಷ ಪಾಠ ಹೇಳಿದವರು, ಊರಿನಲ್ಲಿ ಅವರ ಮಾತಿಗೆ ಎದುರಿರಲಿಲ್ಲ. ಹದಿನೇಳನೆಯವಳಾಗಿ ಓಬಳಮ್ಮ ವೇದಿಕೆ ಹತ್ತಿದಳು. ಮೈಕಿನಿಂದ ಎರಡು ಹೆಜ್ಜೆ ಹಿಂದೆ ನಿಂತಳು, ಯಾಕೆಂದರೆ ಅವಳ ದನಿಗೆ ಮೈಕು ಬೇಕಿರಲಿಲ್ಲ. ಕುರಿಮರಿ ಮಲಗಿಸುವ ಒಂದು ಪದ ಶುರು ಮಾಡಿದಳು. ನಡುನಡುವೆ ಗುಡ್ಡದ ಕೂಗು ಹಾಕಿದಾಗ ಹಿಂದೆ ಗದ್ದಲ ಮಾಡುತ್ತಿದ್ದ ಮಕ್ಕಳು ಸುಮ್ಮನಾದರು. ನಾಲಿಗೆ ನಡುಗಿಸಿದಾಗ ಕೆಲವರು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಪದದ ಕೊನೆಗೆ ಅವಳು ಕಣ್ಣು ಮುಚ್ಚಿ ದಪ್ಪ ದನಿ ಹಿಡಿದಳು. ಅದರ ಮೇಲೆ ಎರಡನೆಯ ಎಳೆ ಎದ್ದಿತು.

ಅವಳು ಮುಗಿಸಿ ಕಣ್ಣು ತೆರೆದಾಗ ಆದಿನಾರಾಯಣರು ಎದ್ದು ನಿಂತಿದ್ದರು.

“ಟ್ರ್ಯಾಕ್ ಯಾರು ಹಾಕಿದ್ದು?” ಎಂದು ಅವರು ಮೈಕಿನವನನ್ನು ಕೇಳಿದರು. ಅವನು ತಾನು ಏನೂ ಹಾಕಿಲ್ಲ ಎಂದ. ಮೇಷ್ಟ್ರು ಓಬಳಮ್ಮನ ಕಡೆ ತಿರುಗಿದರು. “ಏನಮ್ಮ, ಫೋನ್ ಎಲ್ಲಿಟ್ಟಿದ್ದೀರಿ?”

“ಪೋನ್ ಮಗಳತ್ರ ಐತೆ.”

“ಹಾಗಾದರೆ ಆ ಕೊಳಲು ಎಲ್ಲಿಂದ ಬಂತು?”

“ಕೊಳಲಲ್ಲ ಸಾಮಿ. ನನ್ ಗಂಟ್ಲೇ.”

“ನಲವತ್ತು ವರ್ಷದಿಂದ ಗಂಟಲು ನೋಡ್ತಾ ಇದ್ದೀನಿ. ಒಂದು ಗಂಟಲಲ್ಲಿ ಒಂದು ಸ್ವರ ಬರುತ್ತೆ,” ಎಂದರು ಆದಿನಾರಾಯಣ.

ಅವರ ಅನುಮಾನಕ್ಕೊಂದು ಹಿನ್ನೆಲೆ ಇತ್ತು. ಹಿಂದಿನ ವರ್ಷ ಇದೇ ಸ್ಪರ್ಧೆಯಲ್ಲಿ ಒಬ್ಬಳು ಫೋನಿನಲ್ಲಿ ಹಾಡು ಹಾಕಿಕೊಂಡು ಬರೀ ತುಟಿ ಆಡಿಸಿ ಮೊದಲ ಬಹುಮಾನ ಹೊಡೆದಿದ್ದಳು. ಅದು ತಿಳಿದು ಊರೆಲ್ಲ ಮೇಷ್ಟ್ರ ಕಿವಿಯನ್ನು ಆಡಿಕೊಂಡು ನಕ್ಕಿತ್ತು. ಆದರೆ ಆ ಅವಮಾನ ತೀರಿಸಿಕೊಳ್ಳಲು ಅವರಿಗೆ ಸಿಕ್ಕಿದವಳು ಹುಣಸೆ ಮಂಡಿಯ ಓಬಳಮ್ಮ. ಹಾರ್ಮೋನಿಯಂ ಜೊತೆ ಬಂದವರಲ್ಲಿ ಯಾರನ್ನಾದರೂ ಹೀಗೆ ಕೇಳುತ್ತಿದ್ದರೇ ಎಂದು ಭಾನುಪ್ರಿಯ ಇವತ್ತಿಗೂ ಕೇಳುತ್ತಾಳೆ.

ಮೇಷ್ಟ್ರು ಸಂಘದ ಇಬ್ಬರು ಹೆಂಗಸರನ್ನು ಕರೆದು ಪರೀಕ್ಷೆ ಮಾಡಿ ಎಂದರು. ಒಬ್ಬಳು ಮೇಷ್ಟ್ರ ಸೊಸೆ. ಇನ್ನೊಬ್ಬಳು ತ್ರಿವೇಣಿ ಎಂಬ ಹೈಸ್ಕೂಲು ಟೀಚರ್. ಆವತ್ತಿನ ಕಾರ್ಯಕ್ರಮದ ನಿರೂಪಣೆಯೂ ಅವಳದೇ. ಮದುವಣಗಿತ್ತಿಗೆ ಸಿಂಗಾರ ಮಾಡುವ ಕೋಣೆಯೊಳಗೆ ಓಬಳಮ್ಮನನ್ನು ಕರೆದುಕೊಂಡು ಹೋಗಿ ಬಾಗಿಲು ಹಾಕಿದರು. ಮಗಳನ್ನು ಒಳಗೆ ಬಿಡಲಿಲ್ಲ. ಸೆರಗಿನ ಪಿನ್ನು ತೆಗೆಸಿದರು. ರವಿಕೆ ತಡಕಿದರು. ತುರುಬು ಬಿಚ್ಚಿಸಿ ಕೂದಲೊಳಗೆ ಬೆರಳಾಡಿಸಿದರು. ಸೊಂಟದಲ್ಲಿ ಸಿಕ್ಕಿದ್ದು ಎಲೆ ಅಡಿಕೆಯ ಚೀಲ ಮತ್ತು ರೈಲಿನ ಪಾಸು.

“ಬಾಯಿ ತೆಗೀರಿ,” ಎಂದಳು ಸೊಸೆ.

ಓಬಳಮ್ಮ ಬಾಯಿ ತೆರೆದಳು. ಸೊಸೆ ಫೋನಿನ ಟಾರ್ಚು ಹಾಕಿ ಬಾಯೊಳಗೆ ಬೆಳಕು ಬಿಟ್ಟಳು. ಹಲ್ಲು, ಅಂಗುಳು, ನಾಲಿಗೆಯ ಅಡಿ ಎಲ್ಲ ನೋಡಿದಳು. ಸಂತೆಯಲ್ಲಿ ಎತ್ತು ಕೊಳ್ಳುವವರು ಹಾಗೆ ನೋಡುತ್ತಾರೆ. ಓಬಳಮ್ಮನ ಕಣ್ಣಲ್ಲಿ ನೀರು ಬಂತು. ಆ ನೀರಿಗೆ ಅವಳಿಗೇ ಸಿಟ್ಟು ಬಂತು. ಒರೆಸಿಕೊಳ್ಳಲಿಲ್ಲ.

ಹೊರಗೆ ಬಂದ ತ್ರಿವೇಣಿ ಮೇಷ್ಟ್ರ ಹತ್ತಿರ ಹೋಗಿ ಮೆಲ್ಲಗೆ, “ಏನೂ ಇಲ್ಲ ಸರ್,” ಎಂದಳು. ಅವರು ತಲೆ ಆಡಿಸಿ ಮೈಕು ತೆಗೆದುಕೊಂಡರು. “ಸ್ಪರ್ಧೆಯಲ್ಲಿ ಯಾಂತ್ರಿಕ ಸಹಾಯ ಪಡೆಯುವುದು ಕಲೆಗೆ ಮಾಡುವ ಮೋಸ. ಹದಿನೇಳನೇ ಸ್ಪರ್ಧಿಯನ್ನು ಕೈಬಿಡಲಾಗಿದೆ,” ಎಂದರು. ತ್ರಿವೇಣಿ ಪಕ್ಕದಲ್ಲೇ ನಿಂತಿದ್ದಳು. ಬಾಯಿ ಬಿಡಲಿಲ್ಲ. ಮುಂದಿನ ಸ್ಪರ್ಧಿಯ ಹೆಸರು ಕೂಗಿದಳು.

ಓಬಳಮ್ಮ ಹಾಡಿದ್ದನ್ನು ಯಾರೋ ವಿಡಿಯೊ ಮಾಡಿದ್ದರು. ಸಂಜೆಯ ಹೊತ್ತಿಗೆ ಅದು ಬಂಗಾರಪೇಟೆಯ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಓಡಾಡಿತು. ಮೇಲೆ ‘ಮೆಷಿನ್ ಕಂಠ, ಸಿಕ್ಕಿಬಿದ್ದ ಗಾಯಕಿ’ ಎಂದು ಬರೆದಿದ್ದರು. ಮಾರನೆಯ ದಿನ ಮಂಡಿಯ ಮೇಸ್ತ್ರಿ ಅವಳನ್ನು ನೋಡುತ್ತಲೇ, “ಬಾಮ್ಮ ಮೆಷಿನಮ್ಮ, ಚಾರ್ಜ್ ಆಕ್ಕೊಂಡ್ ಬಂದ್ಯಾ?” ಎಂದ. ಚಾಂಪಿಯನ್ ರೀಫ್ಸಿನ ನಲ್ಲಿಯ ಹತ್ತಿರ ಪಕ್ಕದ ಮನೆಯ ತಮಿಳಿನವಳು, “ಎಂಗ ಅಕ್ಕಾ ಮೆಷಿನು?” ಎಂದು ಮೆಷಿನು ಎಲ್ಲಿ ಅಂತ ವಿಚಾರಿಸಿದಳು. ಅವಳು ಹೇಳಿದ್ದು ತಮಾಷೆಗೇ. ಓಬಳಮ್ಮ ತುಂಬದ ಬಿಂದಿಗೆ ಎತ್ತಿಕೊಂಡು ಒಳಗೆ ಹೋದಳು. ಮಂಡಿಯಲ್ಲಿ ಹಾಡುವುದನ್ನು ನಿಲ್ಲಿಸಿದಳು.

ಭಾನುವಾರ ತಾಯಿ ಮಗಳು ಬಸ್ಸು ಹಿಡಿದು ಕ್ಯಾಸಂಬಳ್ಳಿ ಕಡೆ ಹೊರಟರು. ಬೈರಪ್ಪನಿಗೆ ಎಂಬತ್ತು ದಾಟಿತ್ತು. ಲಕ್ವ ಹೊಡೆದ ಮೇಲೆ ಅವನ ದನಿ ಹೋಗಿ ಬರೀ ಗಾಳಿಯಂಥ ಮಾತು ಉಳಿದಿತ್ತು. ಓಬಳಮ್ಮನ ತಮ್ಮನ ಮನೆಯ ಜಗಲಿಯ ಮೇಲೆ ಅವನ ಹಾಸಿಗೆ. ಭಾನುಪ್ರಿಯ ತಾತನ ಕಿವಿಗೆ ಫೋನು ಹಿಡಿದು ವಿಡಿಯೊ ಹಾಕಿದಳು. ಮೇಲೆ ಏನು ಬರೆದಿದೆ ಎಂದು ಅವನು ಕೇಳಲಿಲ್ಲ. ಓದು ಅವನಿಗೆ ಬಾರದು. ಪೂರ್ತಿ ಕೇಳಿ, ಇನ್ನೊಂದು ಸಲ ಹಾಕು ಎಂದು ಕೈ ಮಾಡಿದ. ಎರಡನೆಯ ಸಲ ನಡುವೆ ಕೈ ಎತ್ತಿ ನಿಲ್ಲಿಸಿದ.

“ಇಲ್ಲಿ ಉಸ್ರು ಕಳ್ದಿದೀಯ,” ಎಂದ. “ಮೇಲ್ನ ಎಳೆ ಇನ್ನೂ ಒಂದ್ ಗಳಿಗೆ ನಿಲ್ಬೇಕಿತ್ತು.”

“ನಾಯ್ನ, ಅವ್ರು ನನ್ ರವಿಕೆಯೊಳ್ಗೆ ಕೈ ಆಕ್ದ್ರು. ನೀನು ಉಸ್ರು ಅಂತೀಯ,” ಎಂದಳು ಓಬಳಮ್ಮ.

ನಡೆದದ್ದನ್ನೆಲ್ಲ ಅವಳು ಹೇಳಿದಳು. ಮುದುಕ ಕೇಳುತ್ತ ಕೇಳುತ್ತ ಮೇಲೇಳಲು ನೋಡಿದ. ಒಂದು ಕೈ ಸ್ವಾಧೀನವಿರಲಿಲ್ಲ. ಇನ್ನೊಂದರಲ್ಲಿ ಗೋಡೆ ಹಿಡಿದು ಅರ್ಧ ಎದ್ದು ಕೂತ.

“ಅವ್ನು ಯಾವೂರೋನು?”

“ಬಂಗಾರ್ಪೇಟೆ.”

“ಕರ್ಕೊಂಡು ಓಗು ನನ್ನ. ಅವ್ನ ಕಿವಿ ನೋಡ್ತೀನಿ.”

ಸಮಾಧಾನ ಮಾಡಿ ಮಲಗಿಸಲು ಬಹಳ ಹೊತ್ತು ಹಿಡಿಯಿತು. ವಾಪಸು ಬರುವ ಬಸ್ಸಿನಲ್ಲಿ ಓಬಳಮ್ಮ ಮಗಳಿಗೆ, “ನಾಳೆ ರಜಾ ಆಕು. ಆ ಮೇಷ್ಟ್ರ ಮನೆಗೆ ಓಗಾನ,” ಎಂದಳು.

ಆದಿನಾರಾಯಣರು ಜಗಲಿಯಲ್ಲೇ ನಿಲ್ಲಿಸಿ ಮಾತಾಡಿದರು. ಒರಟಾಗಿ ಮಾತಾಡಲಿಲ್ಲ, ಮಕ್ಕಳಿಗೆ ಪಾಠ ಹೇಳುವ ಹಾಗೆ ಮಾತಾಡಿದರು.

“ನೋಡಮ್ಮ, ಮನುಷ್ಯ ಒಂದೇ ಸಲಕ್ಕೆ ಎರಡು ಸ್ವರ ಹಾಡೋದು ಶಾಸ್ತ್ರದಲ್ಲಿಲ್ಲ. ನೀವು ಹಾಡ್ತೀರಿ ಅಂದರೆ ಡಾಕ್ಟರ ಹತ್ತಿರ ಬರೆಸಿಕೊಂಡು ಬನ್ನಿ. ಗಂಟಲಲ್ಲಿ ಏನೂ ಇಟ್ಟುಕೊಂಡಿಲ್ಲ, ಇದು ಸಹಜವಾದ ದನಿ ಅಂತ ಪ್ರಮಾಣಪತ್ರ ತನ್ನಿ. ಆಮೇಲೆ ನೋಡೋಣ.”

“ಈಗ್ಲೇ ಇಲ್ಲೇ ಅಮ್ಮ ಹಾಡ್ತಾರೆ ಸರ್, ಕೇಳಿ,” ಎಂದಳು ಭಾನುಪ್ರಿಯ.

“ನಾನು ಕೇಳಿದ್ದಾಯಿತಲ್ಲ,” ಎಂದರು ಮೇಷ್ಟ್ರು. “ಕಾಗದ ತನ್ನಿ.”

ಜಾತಿಗೆ, ಆದಾಯಕ್ಕೆ, ಬದುಕಿರುವುದಕ್ಕೆ ಪ್ರಮಾಣಪತ್ರ ಕೇಳುವುದು ಓಬಳಮ್ಮನಿಗೆ ಗೊತ್ತಿತ್ತು. ತನ್ನ ದನಿ ತನ್ನದೆನ್ನುವುದಕ್ಕೂ ಒಂದು ಬೇಕೆಂದು ಅವಳು ಎಂದೂ ಎಣಿಸಿರಲಿಲ್ಲ. ಗೇಟು ದಾಟಿದ ಮೇಲೆ, “ತತ್ತೀನಿ,” ಎಂದಳು. “ಕಾಗ್ದ ತಂದು ಅವ್ನ ಮಕದ್ ಮುಂದೆ ಇಡ್ತೀನಿ.”

ಕೋಲಾರದ ಒಂದು ಆಸ್ಪತ್ರೆಯಲ್ಲಿ ಗಂಟಲು ನೋಡುವ ಡಾಕ್ಟರು ಶ್ಯಾಮಲ ಎಂಬುವವರು. ಭಾನುಪ್ರಿಯ ವಿಷಯ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು.

“ಸರ್ಟಿಫಿಕೇಟಾ? ಹಾಡೋದಕ್ಕಾ?” ಎಂದು ಎರಡು ಸಲ ಕೇಳಿದರು. ಆಮೇಲೆ ಓಬಳಮ್ಮನ ಕಡೆ ನೋಡಿ, “ನನಗಾಗಿ ಒಂದು ಸಲ ಹಾಡ್ತೀರಾಮ್ಮ?” ಎಂದರು.

ಓಬಳಮ್ಮ ಹೊರಗೆ ಕೂತ ರೋಗಿಗಳ ಕಡೆ ನೋಡಿ ಸಂಕೋಚಪಟ್ಟು ಮೆಲ್ಲಗೆ ಎರಡೆಳೆ ಹಿಡಿದಳು. ಡಾಕ್ಟರು ಕುರ್ಚಿಯಿಂದ ಎದ್ದರು. ಮೂಗಿಗೆ ಮರಗಟ್ಟುವ ಔಷಧಿ ಸಿಂಪಡಿಸಿ, ತುದಿಯಲ್ಲಿ ಸಣ್ಣ ಕ್ಯಾಮೆರಾ ಇದ್ದ ತೆಳ್ಳನೆಯ ನಳಿಕೆಯನ್ನು ನಿಧಾನಕ್ಕೆ ಒಳಗೆ ಇಳಿಸಿದರು. ಪ್ರತಿ ಹೆಜ್ಜೆಗೂ, ಇನ್ನು ಸ್ವಲ್ಪ ಬಿಡಲೇ, ನೋವಾಗುತ್ತದೆಯೇ ಎಂದು ಕೇಳಿದರು. ಓಬಳಮ್ಮನಿಗೆ ಅದು ಮನಸ್ಸಿಗೆ ನಾಟಿತು. ಮಂಟಪದಲ್ಲಿ ಯಾರೂ ಏನನ್ನೂ ಕೇಳಿರಲಿಲ್ಲ.

ಪರದೆಯ ಮೇಲೆ ಅವಳ ಗಂಟಲು ಕಂಡಿತು. ಒದ್ದೆಯಾದ ಗುಲಾಬಿ ಬಣ್ಣದ ಗುಹೆ. ತಳದಲ್ಲಿ ಬೆಳ್ಳಗಿನ ಎರಡು ಪಟ್ಟಿ, ಹೆಬ್ಬೆರಳ ಉಗುರಿಗಿಂತ ಉದ್ದವಿಲ್ಲ.

“ಇಷ್ಟೇನಾ?” ಎಂದಳು ಓಬಳಮ್ಮ. ಅವಳು ಮಾತಾಡಿದಾಗ ಆ ಪಟ್ಟಿಗಳು ಒಂದಕ್ಕೊಂದು ಬಡಿದವು.

“ಅಷ್ಟೇ,” ಎಂದರು ಶ್ಯಾಮಲ. “ಪಿಸುಮಾತು, ಅಳು, ಕಿರುಚಾಟ, ಜೋಗುಳ ಎಲ್ಲ ಅಷ್ಟರಲ್ಲೇ ಹುಟ್ಟೋದು. ಈಗ ಗುಡ್ಡದ ಕೂಗು ಹಾಕಿ.”

ಕೂಗು ಮೇಲಕ್ಕೆ ಹೋದ ಹಾಗೆ ಪಟ್ಟಿಗಳು ರಬ್ಬರಿನಂತೆ ಎಳೆದುಕೊಂಡು ತೆಳ್ಳಗಾದವು. ದಪ್ಪ ದನಿ ಹಿಡಿದಾಗ ಅವುಗಳ ಮೇಲಿದ್ದ ಇನ್ನೆರಡು ಮಡಿಕೆಗಳು ತಾವೂ ಒಳಗೆ ಬಂದು ನಡುಗಿದವು. ಸಾಮಾನ್ಯರು ಅವನ್ನು ಬಳಸುವುದೇ ಇಲ್ಲ ಎಂದರು ಡಾಕ್ಟರು. ಆಮೇಲೆ ಎರಡೆಳೆ ಹಿಡಿಸಿ, ಅವಳ ಬಾಯನ್ನೂ ನೋಡಿ, ಭಾನುಪ್ರಿಯಳನ್ನು ಹತ್ತಿರ ಕರೆದರು.

“ಅಮ್ಮನ ನಾಲಿಗೆ ನೋಡು. ಬಾಯನ್ನ ಎರಡು ಕೋಣೆ ಮಾಡಿದ್ದಾರೆ. ಯಾರ ದನಿಯೇ ಆಗಲಿ, ಅದರೊಳಗೆ ಮೇಲೆ ಮೇಲೆ ಹತ್ತಾರು ಸಣ್ಣ ದನಿ ಇರ್ತವೆ. ನಮ್ಮ ಕಿವಿಗೆ ಎಲ್ಲ ಕಲೆತು ಒಂದೇ ಅಂತ ಕೇಳುತ್ತೆ. ಇವರು ಆ ಕೋಣೆಯಿಂದ ಒಂದನ್ನ ಹೆಕ್ಕಿ ಎತ್ತಿ ತೋರಿಸ್ತಾರೆ. ಬೇರೆ ದೇಶಗಳಲ್ಲೂ ಹೀಗೆ ಹಾಡೋರಿದ್ದಾರೆ, ಕುರಿ ದನ ಕಾಯೋರೇ. ಪುಸ್ತಕದಲ್ಲಿ ಓದಿದ್ದೆ. ಇಲ್ಲಿ ಕೇಳ್ತೀನಿ ಅಂದ್ಕೊಂಡಿರಲಿಲ್ಲ.”

ನಳಿಕೆ ತೆಗೆದ ಮೇಲೆ ಓಬಳಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. ಡಾಕ್ಟರು ಬರೆಯಲು ತೊಡಗಿದಾಗ, “ಎಲ್ರ ದನೀಲೂ ಐತಾ ಅದು?” ಎಂದು ಕೇಳಿದಳು.

“ಎಲ್ಲರದರಲ್ಲೂ ಇದೆ.”

“ಆ ಮೇಷ್ಟ್ರ ದನೀಲೂ?”

“ಅವರದರಲ್ಲೂ.”

“ನಲ್ವತ್ ವರ್ಸ ಬಾಯೊಳಗೆ ಇಟ್ಕೊಂಡೇ, ಇಲ್ಲ ಅಂತವ್ರೆ ನೋಡಿ,” ಎಂದಳು ಓಬಳಮ್ಮ.

ಸಂಘದವರ ಬಹುಮಾನ ವಿತರಣೆ ಯುಗಾದಿಯ ಮಾರನೆಯ ದಿನ ಸಂಜೆ, ಅದೇ ಮಂಟಪದಲ್ಲಿ. ತಾಯಿ ಮಗಳು ಬೇಗನೇ ಹೋಗಿ ವೇದಿಕೆಯ ಹಿಂದೆ ಆದಿನಾರಾಯಣರ ಕೈಗೆ ಕಾಗದ ಕೊಟ್ಟರು. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಗಂಟಲಲ್ಲಿ ಯಾವುದೇ ಯಂತ್ರವಾಗಲಿ ಸಾಧನವಾಗಲಿ ಇಲ್ಲ, ಎರಡು ಸ್ವರಗಳೂ ಈಕೆಯ ಸ್ವಂತ ಕಂಠದಿಂದ ಬರುವುದನ್ನು ನಾನೇ ಪರೀಕ್ಷಿಸಿ ನೋಡಿದ್ದೇನೆ ಎಂದು ಅದರಲ್ಲಿತ್ತು. ಅವರ ಮುಖ ಸ್ವಲ್ಪ ಕಪ್ಪಿಟ್ಟಿತು.

“ಸರಿ. ಮೆಷಿನ್ ಇಲ್ಲ, ಒಪ್ಪಿದೆ,” ಎಂದರು. “ಇವತ್ತು ನಿಮಗೊಂದು ಸಮಾಧಾನಕರ ಬಹುಮಾನ ಕೊಡೋಣ. ಒಂದು ಶಾಲು ಹೊದಿಸೋಣ.”

“ಶಾಲು ಬ್ಯಾಡ. ಮೈಕಲ್ಲಿ ಅಂದಿದ್ನ ಮೈಕಲ್ಲೇ ವಾಪಸ್ ತಗೊಳ್ಳಿ.”

“ಅದು ಮುಗಿದ ವಿಷಯ. ಈಗ ಎತ್ತಿದರೆ ಸಭೆಗೆ ಕಸಿವಿಸಿ ಆಗುತ್ತೆ.”

“ಸಭೆಗೆ ಕಸಿವಿಸಿ,” ಎಂದಳು ಓಬಳಮ್ಮ. “ನಂಗೇನಾಯ್ತು ಅಂತ ಒಬ್ರಾದ್ರೂ ಕೇಳಿದ್ರಾ?”

ಅವರು ಕಾಗದ ಮಡಿಸಿ ಜೇಬಿಗಿಟ್ಟುಕೊಂಡು ವೇದಿಕೆಗೆ ಹೋದರು. ಓಬಳಮ್ಮ ಮುಂದಿನ ಸಾಲಿನಲ್ಲಿ, ಅತಿಥಿಗಳಿಗೆಂದು ಬಟ್ಟೆ ಹೊದಿಸಿದ ಕುರ್ಚಿಯ ಮೇಲೆ ಕೂತಳು. ಸ್ವಯಂಸೇವಕನೊಬ್ಬ ಏಳಿ ಎಂದ. ಅವಳು ಅವನ ಕಡೆ ನೋಡಲೇ ಇಲ್ಲ. ಪ್ರಾರ್ಥನೆ, ಸ್ವಾಗತ ಮುಗಿದು ಮೇಷ್ಟ್ರು ಮಾತಿಗೆ ನಿಂತು, ಈ ನೆಲದ ಹೆಣ್ಣುಮಕ್ಕಳ ಕಂಠಸಿರಿಯ ಬಗ್ಗೆ ಎರಡು ವಾಕ್ಯ ಹೇಳುವಷ್ಟರಲ್ಲಿ ಅವಳು ಎದ್ದು ನಿಂತಳು. ಕಿರುಚಲಿಲ್ಲ. ಗುಡ್ಡದಾಚೆ ಕರೆಯುವ ದನಿ ಇದ್ದವಳಿಗೆ ಮಂಟಪದ ಕೊನೆಯ ಸಾಲು ಯಾವ ದೂರ?

“ಮೇಷ್ಟ್ರೇ, ನಾನು ಅದಿನೇಳ್ನೇಯವ್ಳು. ಆವತ್ತು ಇದೇ ಮೈಕಲ್ಲಿ ನಾನು ಮೋಸ ಮಾಡ್ದೆ ಅಂದ್ರಿ. ಕಾಗ್ದ ತಾ ಅಂದ್ರಿ, ತಂದೆ. ಅದು ನಿಮ್ ಜೇಬಲ್ಲೈತೆ. ಓದಿ.”

ಸಭೆ ಗುಜುಗುಜು ಅಂದಿತು. ಯಾರೋ ಆ ವಿಡಿಯೊ ನೆನಪಿಸಿಕೊಂಡು ನಕ್ಕರು. ಮೇಷ್ಟ್ರು ಕೈ ಎತ್ತಿ, “ಕಾರ್ಯಕ್ರಮ ಮುಗಿದ ಮೇಲೆ ಮಾತಾಡೋಣಮ್ಮ, ಕೂತುಕೊಳ್ಳಿ,” ಎಂದರು. ಮಧ್ಯದ ಸಾಲಿನಿಂದ ಒಬ್ಬ ಎದ್ದು, “ಅಷ್ಟೊತ್ತು ಯಾಕ್ ಕಾಯ್ಬೇಕು? ಇಲ್ಲೇ ಹಾಡಿಸಿ ನೋಡೋಣ,” ಎಂದ. ಹೌದು ಹೌದು, ಹಾಡಿಸಿ ಎಂದರು ಇನ್ನೂ ನಾಲ್ಕು ಜನ. ಭಾನುಪ್ರಿಯ ಅವ್ವನ ಕೈ ಒತ್ತಿದಳು. ಈಗ ಒಂದು ಸಲ ಎರಡೆಳೆ ಹಿಡಿದರೆ ಎಲ್ಲ ಮುಗಿಯುತ್ತದೆ ಎಂದು ಅವಳಿಗೆ ಅನ್ನಿಸಿತ್ತು.

“ಆಡಲ್ಲ,” ಎಂದಳು ಓಬಳಮ್ಮ. “ಆವತ್ತು ಆಡಿದ್ದೆ. ನಿಮ್ ಮುಂದೇನೇ ಆಡಿದ್ದೆ. ನೀವು ಕಣ್ಣಾರೆ ನೋಡಿ ಕಿವಿಯಾರೆ ಕೇಳಿ, ಆಮೇಲೆ ನನ್ನ ರೂಮಿಗೆ ಕಳ್ಸಿದ್ರಿ. ಇನ್ನ ಪರೀಕ್ಷೆಗೆ ನಾನು ಬಾಯ್ ತೆಗಿಯಲ್ಲ.”

ಆಗ ಧ್ವನಿವರ್ಧಕದಲ್ಲಿ ಹೆಣ್ಣುದನಿ ಬಂತು. ನಿರೂಪಣೆಯ ಮೈಕಿನ ಮುಂದೆ ನಿಂತಿದ್ದ ತ್ರಿವೇಣಿ.

“ಪರೀಕ್ಷೆ ಮಾಡಿದ ಇಬ್ಬರಲ್ಲಿ ನಾನೊಬ್ಬಳು,” ಎಂದಳು. “ಇವರ ಹತ್ತಿರ ಏನೂ ಇರಲಿಲ್ಲ. ತುರುಬು ಬಿಚ್ಚಿಸಿದ್ವಿ, ಬಾಯೊಳಗೆ ಟಾರ್ಚ್ ಹಾಕಿ ನೋಡಿದ್ವಿ. ಏನೂ ಇಲ್ಲ ಅಂತ ಅಧ್ಯಕ್ಷರಿಗೆ ಅವತ್ತೇ ಹೇಳಿದೆ. ಅವರು ಮೋಸ ಅಂತ ಘೋಷಣೆ ಮಾಡಿದಾಗ ನಾನು ಪಕ್ಕದಲ್ಲೇ ಸುಮ್ಮನೆ ನಿಂತಿದ್ದೆ.”

ಅಷ್ಟು ಹೇಳಿ ಅವಳು ಮೈಕಿನಿಂದ ಹಿಂದೆ ಸರಿದಳು. ಈಗ ಯಾರೂ ನಗಲಿಲ್ಲ. ಹೆಂಗಸರ ಸಾಲಿನಿಂದ, “ಬಾಯೊಳ್ಗೆ ಟಾರ್ಚಾ?” ಎಂದು ಮುದುಕಿಯೊಬ್ಬಳು ಪಕ್ಕದವಳನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು. ಎಲ್ಲರೂ ಮೇಷ್ಟ್ರ ಮುಖ ನೋಡುತ್ತಿದ್ದರು.

ಆದಿನಾರಾಯಣರು ಜೇಬಿನಿಂದ ಕಾಗದ ತೆಗೆದು ಓದಿದರು. ಓದುವಾಗ ‘ಸ್ವಂತ ಕಂಠ’ ಎಂಬಲ್ಲಿ ತಡೆದರು. ಕೊನೆಗೆ, “ಒಂದು ತಪ್ಪು ತಿಳುವಳಿಕೆ ಆಗಿತ್ತು,” ಎಂದರು.

“ತಪ್ಪು ತಿಳುವಳಿಕೆ ಅನ್ಬೇಡಿ,” ಎಂದಳು ಓಬಳಮ್ಮ. “ಏನೂ ಇಲ್ಲ ಅಂತ ತಿಳ್ಕೊಂಡೇ ಅಂದ್ರಿ. ತಪ್ಪು ಅನ್ನಿ. ಸಾಕು.”

ಮೇಷ್ಟ್ರು ಮೈಕಿನ ಕಂಬ ಹಿಡಿದುಕೊಂಡರು. ನಲವತ್ತು ವರ್ಷ ಇನ್ನೊಬ್ಬರ ತಪ್ಪು ತಿದ್ದಿದ ಬಾಯಿ.

“ತಪ್ಪು,” ಎಂದರು. “ನನ್ನ ತಪ್ಪು.”

ಓಬಳಮ್ಮ ಸೆರಗು ಹೊದ್ದು ಮಗಳನ್ನು ಕರೆದುಕೊಂಡು ಹೊರಟಳು. ಯಾರೋ ಶಾಲು ಹಿಡಿದು ಹಿಂದೆ ಓಡಿ ಬಂದರು, ಅವಳು ನಿಲ್ಲಲಿಲ್ಲ. ರಸ್ತೆಯ ತನಕ ಬಂದು ಅವಳನ್ನು ಹಿಡಿದವಳು ತ್ರಿವೇಣಿ.

“ಅಕ್ಕ, ಅವತ್ತೇ ಹೇಳಬೇಕಿತ್ತು ನಾನು.”

“ಊಂ. ಏಳ್ಬೇಕಿತ್ತು,” ಎಂದಳು ಓಬಳಮ್ಮ. ಇರಲಿ ಬಿಡು ಅನ್ನಲಿಲ್ಲ. ಆಮೇಲೆ, “ಇವತ್ತು ಏಳಿದ್ಯಲ್ಲ, ಕೆಲ್ಸಕ್ಕೆ ತೊಂದ್ರೆ ಆಗಲ್ವಾ?” ಎಂದು ಕೇಳಿದಳು.

“ಸಂಘದಿಂದ ತೆಗೀಬಹುದು. ತೆಗೀಲಿ.”

ಓಬಳಮ್ಮ ತಲೆಯಾಡಿಸಿ ಸ್ಟೇಷನ್ನಿನ ದಾರಿ ಹಿಡಿದಳು.

ಚಾಂಪಿಯನ್ ಕಡೆಗೆ ಹೋಗುವ ರೈಲಿನಲ್ಲಿ ಕೂರಲು ಜಾಗ ಸಿಗಲಿಲ್ಲ. ಬೆಂಗಳೂರಿನಿಂದ ಕೆಲಸ ಮುಗಿಸಿ ಬಂದವರು ನಿಂತಲ್ಲೇ ನಿದ್ದೆ ಮಾಡುತ್ತಿದ್ದರು. ಬಾಗಿಲ ಹತ್ತಿರ ನಿಂತು ಭಾನುಪ್ರಿಯ, “ಒಂದ್ಸಲ ಹಾಡ್ಬಿಡಬೇಕಿತ್ತಮ್ಮ. ಅಷ್ಟು ಜನ ಕೇಳ್ತಿದ್ರು,” ಎಂದಳು.

“ಅವ್ರು ನನ್ ಪದ ಕೇಳೋಕೆ ಕೂತಿರ್ಲಿಲ್ಲ ಕಣೇ. ನಂಗೆ ಬರಲ್ಲ ಅಂತ ನೋಡೋಕೆ ಕೂತಿದ್ರು.”

“ತಪ್ಪು ಅಂತ ಒಪ್ಕೊಂಡ್ರಲ್ಲ. ಈಗ್ಲಾದ್ರೂ ಸಮಾಧಾನ ಆಯ್ತಾ?”

ರೈಲು ಊರಿನ ದೀಪಗಳನ್ನು ದಾಟಿ ಕತ್ತಲಿಗೆ ಬಿದ್ದಿತ್ತು.

“ಇಲ್ಲ,” ಎಂದಳು ಓಬಳಮ್ಮ. “ಮೋಸ ಅಂದಿದ್ನ ವಾಪಸ್ ತಗೊಂಡ್ರು. ಸರಿ. ಬಾಯೊಳಗೆ ಬೆಳಕು ಬಿಟ್ಟಿದ್ನ ಯಾವ ಮೈಕಲ್ಲಿ ವಾಪಸ್ ತಗೋತಾರೆ? ನನ್ ರವಿಕೆಯೊಳ್ಗೆ ಆಕಿದ್ ಕೈಯ?”

ಭಾನುಪ್ರಿಯ ಅವ್ವನ ಕೈ ಹಿಡಿದುಕೊಂಡಳು.

“ಇನ್ನೊಂದೈತೆ,” ಎಂದಳು ಓಬಳಮ್ಮ. “ಕಾಗ್ದ ತಾ ಅಂದ ತಕ್ಷಣ ನಾನು ತತ್ತೀನಿ ಅಂದ್ನಲ್ಲ. ಯಾಕಂದೆ? ನನ್ ಗಂಟ್ಲು ನಂದು ಅನ್ನೋಕೆ ನಂಗೇ ಧೈರ್ಯ ಇರ್ಲಿಲ್ವಾ? ಅದ್ನ ನೆನಸ್ಕೊಂಡ್ರೆ ಆ ಮೇಷ್ಟ್ರಿಗಿಂತ ನನ್ ಮೇಲೇ ಸಿಟ್ಟು ಬತ್ತದೆ.”

ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದಾಗ ಗಂಡ ಕಾಂತರಾಜ್ ಬಂದು ಕಾಯುತ್ತಿದ್ದ. ಏನಾಯಿತು ಎಂದು ಕೇಳಿದ್ದಕ್ಕೆ ಮಗಳು ಹೇಳಲು ಶುರುಮಾಡಿದಳು. ಓಬಳಮ್ಮ ಇಬ್ಬರಿಗಿಂತ ಮುಂದೆ ನಡೆಯುತ್ತಿದ್ದಳು. ಬೆಳಿಗ್ಗೆ ಮತ್ತೆ ಮಂಡಿಗೆ ಹೋಗಬೇಕು. ಮೇಸ್ತ್ರಿ ಏನಾದರೂ ಅಂದರೆ ಏನು ಹೇಳಬೇಕೆಂಬುದನ್ನು ಅವಳು ಆಗಲೇ ಮೆಲ್ಲನೆಯ ದನಿಯಲ್ಲಿ, ಒಂದೊಂದೇ ಮಾತಾಗಿ ಜೋಡಿಸಿಕೊಳ್ಳುತ್ತಿದ್ದಳು.